ಇತ್ತ ದರಿ, ಅತ್ತ ಪುಲಿ: ಮೂರು ಸಲ ಮತ ಹಾಕಿದೆ, ಒಮ್ಮೆಯೂ ಇಷ್ಟಪಟ್ಟು ಹಾಕಲಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವಳು. ಇಪ್ಪತ್ತು ವರ್ಷದಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇದ್ದೇವೆ, ಫಿಲಡೆಲ್ಫಿಯಾ ಹತ್ತಿರ. 2015ರಲ್ಲಿ ಸಿಟಿಜನ್‌ಶಿಪ್ ಸಿಕ್ಕಿತು. 2016, 2020, 2024 ಮೂರೂ ಸಲ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದೆ. ಒಂದು ಸಲವೂ 'ಇವರು ಗೆಲ್ಲಲಿ' ಅಂತ ಹಾಕಲಿಲ್ಲ, ಪ್ರತಿ ಸಲವೂ 'ಅವರು ಬರದಿದ್ದರೆ ಸಾಕು' ಅಂತಲೇ ಹಾಕಿದ್ದು. 33 ಕೋಟಿ ಜನರ ದೇಶದಲ್ಲಿ ಇವರಿಬ್ಬರೇನಾ ಸಿಕ್ಕಿದ್ದು? ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ! ನಾವಿಬ್ಬರೂ ಯಾವ ಪಕ್ಷದವರೂ ಅಲ್ಲ, ನೋಂದಣಿಯಲ್ಲೂ ಹಾಗೇ ಬರೆಸಿದ್ದೇವೆ. ನನ್ನ ಗಂಡ 2024ರಲ್ಲಿ ಸಿಟ್ಟಿಗೆ ಬ್ಯಾಲೆಟ್‌ನ ಖಾಲಿ ಗೆರೆಯ ಮೇಲೆ 'ಡಾ. ರಾಜ್‌ಕುಮಾರ್' ಅಂತ ಬರೆದು ಬಂದರು. ಊರಲ್ಲಾದರೆ ನೋಟಾ ಆದರೂ ಇದೆ. ಇಲ್ಲಿ ಮೂರನೇ ಪಕ್ಷಕ್ಕೆ ಹಾಕೋಣ ಅಂದರೆ 'ವೇಸ್ಟ್' ಅಂತಾರೆ. 2028ಕ್ಕೆ ಆ ಕಾಲಂ ಖಾಲಿ ಬಿಡೋಣ ಅಂತ ನಿರ್ಧಾರ ಮಾಡಿದ್ದೇನೆ. ತಪ್ಪಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಾಲು ಅಕ್ಕಪಕ್ಕ ಇವೆ. 'ನಮ್ಮನ್ನು ಯಾರೂ ಕೇಳಲೇ ಇಲ್ಲ' ಅನ್ನೋದು ಒಂದು, 'ನಾವು ಯಾವ ಪಕ್ಷದವರೂ ಅಲ್ಲ ಅಂತ ಬರೆಸಿದ್ದೇವೆ' ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಎರಡನೆಯದರಲ್ಲೇ ಇದೆ. ನವೆಂಬರ್ ಚುನಾವಣೆಗೆ ಮುಂಚೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನ ಮತ ಹಾಕಿ ಆರಿಸುವುದಕ್ಕೆ ಪ್ರೈಮರಿ ಅಂತಾರೆ. ನೀವಿರುವ ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿ ಮುಚ್ಚಿದ ಬಾಗಿಲಿನದು. ಡೆಮಾಕ್ರಟಿಕ್ ಅಂತ ನೋಂದಾಯಿಸಿದವರು ಮಾತ್ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ರಿಪಬ್ಲಿಕನ್ ಅಂತ ನೋಂದಾಯಿಸಿದವರು ಮಾತ್ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಬಹುದು. ಯಾವುದೂ ಬೇಡ ಅಂದವರು ಹೊರಗೆ. ನಿಮ್ಮ ರಾಜ್ಯದಲ್ಲಿ ಹೀಗೆ ಹೊರಗೆ ನಿಂತವರು ಹತ್ತು ಲಕ್ಷಕ್ಕೂ ಜಾಸ್ತಿ ಇದ್ದಾರೆ.

ಮದುವೆ ಊಟದ ಲೆಕ್ಕ ಇದು. ಭಟ್ಟರನ್ನು ಕರೆದು ಏನೇನು ಮಾಡಿಸೋದು ಅಂತ ಮಾತಾಡುವ ದಿನ ನೀವು ಇರಲಿಲ್ಲ. ಎಲೆ ಹಾಕಿದ ಮೇಲೆ ಬಂದು ಕೂತಿರಿ. ಇರೋದು ಎರಡೇ ಪಲ್ಯ, ಎರಡೂ ನಿಮಗಾಗಲ್ಲ. ಬೇಜಾರು ಸಹಜ. ಆದರೆ ಮೆನು ತೀರ್ಮಾನ ಆಗಿದ್ದು ಎಲೆ ಹಾಕಿದ ದಿನ ಅಲ್ಲ.

ಆ ಮಾತುಕತೆಯಲ್ಲಿ ಎಷ್ಟು ಜನ ಇದ್ದರು ಗೊತ್ತಾ? 2016ರಲ್ಲಿ ಎರಡೂ ಪಕ್ಷಗಳ ಪ್ರೈಮರಿ ಸೇರಿಸಿದರೂ ಮತ ಹಾಕಿದವರು ಅರ್ಹರ ಪೈಕಿ ಶೇ. 30ರ ಒಳಗೆ. ಅದರಲ್ಲೂ ಅರ್ಧದಷ್ಟು ಮತ ಬೇರೆಬೇರೆಯವರಿಗೆ ಹಂಚಿಹೋಯಿತು. ಕೊನೆಗೆ ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ಇಬ್ಬರನ್ನು ಪ್ರೈಮರಿಯಲ್ಲಿ ಆರಿಸಿದವರು ದೇಶದ ಒಟ್ಟು ಜನಸಂಖ್ಯೆಯ ಶೇ. 9ರಷ್ಟು ಮಾತ್ರ. ಮಕ್ಕಳು, ಮತದ ಹಕ್ಕಿಲ್ಲದವರು ಎಲ್ಲರನ್ನೂ ಸೇರಿಸಿದ ಲೆಕ್ಕ ಇದು, ಆದರೂ ಕಡಿಮೆಯೇ. ಉಳಿದವರೆಲ್ಲ ನವೆಂಬರ್‌ನಲ್ಲಿ ಬಂದು 'ಇವರೇನಾ?' ಅಂದರು.

ಇನ್ನೊಂದು ವಿಷಯ ನೋಡಿ. ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಹೆಸರಿದ್ದ ಆಕಾಂಕ್ಷಿಗಳೇ 17 ಜನ. ಸೌತ್ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಂದಿದ್ದು ಶೇ. 32.5 ಮತ, ಅಂದರೆ ಮೂರರಲ್ಲಿ ಎರಡು ಪಾಲು ರಿಪಬ್ಲಿಕನ್ನರು ಬೇರೆಯವರಿಗೆ ಹಾಕಿದ್ದರು. ಆದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಅಲ್ಲಿನ 50 ಪ್ರತಿನಿಧಿಗಳು ಅಷ್ಟೂ ಅವರಿಗೇ ಸಿಕ್ಕರು. ಇದು ಟ್ರಂಪ್ ಮಾಡಿದ ಮೋಸ ಏನಲ್ಲ, ಪಕ್ಷವೇ ಮಾಡಿಟ್ಟ ನಿಯಮ. ಎದುರಾಳಿಗಳು ಹತ್ತಾರು ಜನ ಇದ್ದು ಯಾರೂ ಹಿಂದೆ ಸರಿಯದಿದ್ದರೆ ಗಟ್ಟಿಯಾದ ಮೂರನೇ ಒಂದು ಪಾಲು ಇದ್ದವರು ಗೆಲ್ಲುತ್ತಾರೆ. ನಮ್ಮ ಊರುಗಳ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅನ್ನಿಸುತ್ತದೆ.

ನಮ್ಮ ಬೆಳಗಾವಿ ಕಡೆಯವರದೇ ಒಂದು ಉದಾಹರಣೆ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಶಿಗನ್‌ನ ಡೆಟ್ರಾಯಿಟ್ ಕಡೆಯಿಂದ ಅಮೆರಿಕದ ಸಂಸತ್ತಿಗೆ ಹೋದರು. ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 9 ಜನ ಇದ್ದರು, ಇವರು ಗೆದ್ದಿದ್ದು ಶೇ. 28ರಷ್ಟು ಮತದಿಂದ. ಆ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕರೆ ಮುಗಿಯಿತು. ನವೆಂಬರ್‌ನಲ್ಲಿ ಶೇ. 70ರ ಮೇಲೆ ಬಂತು. ನಿಜವಾದ ಚುನಾವಣೆ ಯಾವುದು, ಹೇಳಿ? ಆಗಸ್ಟ್‌ನದೇ ಅಲ್ವಾ. ಅವರು ಒಳ್ಳೆಯವರೋ ಅಲ್ಲವೋ ಅದು ಬೇರೆ ಮಾತು, ನಾನು ಹೇಳುತ್ತಿರುವುದು ಬಾಗಿಲು ಎಲ್ಲಿದೆ ಅಂತ.

ಹಾಗಾದರೆ ಈ ಪ್ರೈಮರಿಯೇ ದರಿದ್ರ, ಪಕ್ಷದ ಹಿರಿಯರು ಕೂತು ಒಳ್ಳೆಯವರನ್ನು ಆರಿಸಲಿ ಅಂತ ನೀವು ಅನ್ನಬಹುದು. ಹಿಂದೆ ಹಾಗೇ ಇತ್ತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧ ಬೇಡ ಅಂತಿದ್ದ ಯುವಕರು ಪ್ರೈಮರಿಯಲ್ಲಿ ಓಡಾಡಿದ್ದೆಲ್ಲ ನೀರಿನಲ್ಲಿ ಹೋಮ ಆಯಿತು. ಅಭ್ಯರ್ಥಿಯನ್ನು ಆರಿಸಿದ ಪಕ್ಷದ ಶಿಕಾಗೋ ಸಮಾವೇಶದ ಹೊರಗೆ ಬೀದಿಯಲ್ಲಿ ಪೊಲೀಸರು ಹೊಡೆದಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಆ ಅವಮಾನದ ಮೇಲೆ ನಿಯಮ ಬದಲಾಯಿತು, 1972ರಿಂದ ಪ್ರೈಮರಿಯೇ ಮುಖ್ಯ ಆಯಿತು. ಆಗ ಸಿಟ್ಟು 'ದೊಡ್ಡವರು ಬಾಗಿಲು ಹಾಕಿಕೊಂಡು ಆರಿಸಿದರು' ಅಂತ ಇತ್ತು. ಈಗ ಬಾಗಿಲು ತೆಗೆದಿದೆ, ಒಳಗೆ ಹೋಗುವವರು ಕಮ್ಮಿ. 2024ರ ಜುಲೈ 21ರಂದು ಬೈಡನ್ ಕಣದಿಂದ ಸರಿದಾಗ ಕಮಲಾ ಹ್ಯಾರಿಸ್ ಅವರನ್ನು ಪ್ರೈಮರಿ ಇಲ್ಲದೆ ಅಭ್ಯರ್ಥಿ ಮಾಡಿದರು, ಆಗ ಮತ್ತೆ ಹಳೇ ದೂರೇ ಬಂತು. ಬೈಡನ್ ಅವರನ್ನು ಆರಿಸಿದ ಪ್ರೈಮರಿಗೆ ಹೋಗದೇ ಇದ್ದವರೂ ಆ ದೂರು ಹೇಳಿದರು ಅನ್ನೋದು ಸ್ವಲ್ಪ ತಮಾಷೆ.

ನಿಮ್ಮ ಬೇಜಾರಿಗೆ ಬರುತ್ತೇನೆ. ನೀವು ಒಬ್ಬರೇ ಅಲ್ಲ. ಗ್ಯಾಲಪ್ ಸಂಸ್ಥೆ ಹತ್ತಾರು ವರ್ಷಗಳಿಂದ ಅಭ್ಯರ್ಥಿಗಳ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾ ಬಂದಿದೆ. 2016ರ ಕೊನೆಯ ಸಮೀಕ್ಷೆಯಲ್ಲಿ ಶೇ. 61 ಜನಕ್ಕೆ ಟ್ರಂಪ್ ಹಿಡಿಸಿರಲಿಲ್ಲ, ಶೇ. 52 ಜನಕ್ಕೆ ಕ್ಲಿಂಟನ್ ಹಿಡಿಸಿರಲಿಲ್ಲ. ಇಬ್ಬರೂ ಒಟ್ಟಿಗೆ ಇಷ್ಟು ಬೇಡವಾದ ಜೋಡಿ ಅವರ ದಾಖಲೆಯಲ್ಲೇ ಇರಲಿಲ್ಲ. ಆ ವರ್ಷ ನಾನು ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ, ನ್ಯೂಜೆರ್ಸಿಯಲ್ಲಿ. ಬೆಳಿಗ್ಗೆ ವಾಕಿಂಗ್ ಹೋದರೆ ಒಂದು ಕಾರಿನ ಹಿಂದೆ ಸ್ಟಿಕ್ಕರ್: 'ದೈತ್ಯ ಉಲ್ಕೆ 2016'. ಇಬ್ಬರಿಗಿಂತ ಒಂದು ಉಲ್ಕೆ ಬಂದು ಬಿದ್ದರೆ ವಾಸಿ ಅಂತ. ನಾನು ನಕ್ಕು ಮುಂದೆ ಹೋದೆ. ಆಮೇಲೆ ನೋಡಿದರೆ ಪಬ್ಲಿಕ್ ಪಾಲಿಸಿ ಪೋಲಿಂಗ್ ಅನ್ನುವ ಸಂಸ್ಥೆ ಆ ಉಲ್ಕೆಯನ್ನೂ ಅಭ್ಯರ್ಥಿ ಅಂತ ಸಮೀಕ್ಷೆಯಲ್ಲಿ ಸೇರಿಸಿತ್ತು, ಶೇ. 13 ಜನ ಅದಕ್ಕೇ ಜೈ ಅಂದಿದ್ದರು!

ಈ ಥರ ಇಬ್ಬರೂ ಬೇಡ ಅನ್ನುವವರಿಗೆ ಅಲ್ಲಿ 'ಡಬಲ್ ಹೇಟರ್ಸ್' ಅಂತ ಹೆಸರೇ ಇದೆ. 2024ರ ಬೇಸಿಗೆಯಲ್ಲಿ, ಇನ್ನೂ ಬೈಡನ್ ಕಣದಲ್ಲಿದ್ದಾಗ, ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರು ಹಾಗಿದ್ದರು. ಮೂಲೆಯಲ್ಲಿ ಕೂತು ಗೊಣಗುವವರು ಅಂತ ಅವರನ್ನು ತಳ್ಳಿಹಾಕಬೇಡಿ. 2016ರ ಮತಗಟ್ಟೆ ಸಮೀಕ್ಷೆ ಪ್ರಕಾರ ಮತ ಹಾಕಿದವರಲ್ಲಿ ಶೇ. 18 ಜನಕ್ಕೆ ಇಬ್ಬರೂ ಇಷ್ಟ ಇರಲಿಲ್ಲ. ಅವರಲ್ಲಿ ಶೇ. 47 ಜನ ಟ್ರಂಪ್‌ಗೆ ಹಾಕಿದರು, ಶೇ. 30 ಜನ ಕ್ಲಿಂಟನ್‌ಗೆ. ಉಳಿದವರು ಆಚೀಚೆ. ಅಂದರೆ ಆ ಚುನಾವಣೆಯನ್ನು ತೀರ್ಮಾನ ಮಾಡಿದ್ದು ಅಭಿಮಾನಿಗಳಲ್ಲ, ಮೂಗು ಮುಚ್ಚಿಕೊಂಡು ಬಂದವರು. ನೀವು ನಿಮ್ಮನ್ನು ಲೆಕ್ಕಕ್ಕಿಲ್ಲದವಳು ಅಂದುಕೊಂಡಿದ್ದೀರಿ, ಆದರೆ ಎರಡೂ ಪಕ್ಷಗಳು ರಾತ್ರಿ ನಿದ್ದೆಗೆಟ್ಟು ಲೆಕ್ಕ ಹಾಕೋದು ನಿಮ್ಮಂಥವರದ್ದೇ.

ಅದರಲ್ಲೂ ನೀವಿರೋದು ಪೆನ್ಸಿಲ್ವೇನಿಯಾದಲ್ಲಿ. 2016ರಲ್ಲಿ ಅಲ್ಲಿ ಟ್ರಂಪ್ ಗೆದ್ದ ಅಂತರ 44 ಸಾವಿರ ಚಿಲ್ಲರೆ. 2020ರಲ್ಲಿ 80 ಸಾವಿರ ಚಿಲ್ಲರೆ, ಅದೂ ಉಲ್ಟಾ ಕಡೆಗೆ. 2024ರಲ್ಲಿ ಮತ್ತೆ ಉಲ್ಟಾ, ಸುಮಾರು 1.2 ಲಕ್ಷ. ಸುಮಾರು 70 ಲಕ್ಷ ಮತ ಬೀಳುವ ರಾಜ್ಯ ಅದು. ಅಮೆರಿಕದಲ್ಲಿ ದೇಶದ ಒಟ್ಟು ಮತ ಎಣಿಸಿ ಅಧ್ಯಕ್ಷರನ್ನು ಮಾಡುವುದಿಲ್ಲ ಅಂತ ನಿಮಗೆ ಗೊತ್ತು. ರಾಜ್ಯಗಳಿಗೆ ಹಂಚಿದ 538 ಎಲೆಕ್ಟೋರಲ್ ಮತ, 270 ಬಂದವರು ಗೆದ್ದರು, 48 ರಾಜ್ಯಗಳಲ್ಲಿ ಒಂದು ಮತ ಮುಂದಿದ್ದವರಿಗೆ ಅಷ್ಟೂ. 2016ರಲ್ಲಿ ಕ್ಲಿಂಟನ್‌ಗೆ ದೇಶದಲ್ಲಿ 28 ಲಕ್ಷಕ್ಕೂ ಜಾಸ್ತಿ ಮತ ಹೆಚ್ಚು ಬಂದಿತ್ತು, ಸೋತರು. ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರರ ಅಂತರ ಕೂಡಿಸಿದರೆ 78 ಸಾವಿರವೂ ಆಗುವುದಿಲ್ಲ. ಒಂದು ದೊಡ್ಡ ಕ್ರಿಕೆಟ್ ಮೈದಾನದಲ್ಲಿ ಕೂರಿಸಬಹುದಾದಷ್ಟು ಜನ.

ನಿಮ್ಮ ಅಕ್ಕನೋ ತಂಗಿಯೋ ಕ್ಯಾಲಿಫೋರ್ನಿಯಾದಲ್ಲೋ ಅಲಬಾಮಾದಲ್ಲೋ ಇದ್ದು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಫಲಿತಾಂಶ ಮೊದಲೇ ಗೊತ್ತು, ಮನಸ್ಸಿಗೆ ಬಂದವರಿಗೆ ಹಾಕಿ, ಇಲ್ಲ ಖಾಲಿ ಬಿಡಿ, ಹೋಗೋದೇನೂ ಇಲ್ಲ ಅಂತಿದ್ದೆ. ನಿಮಗೆ ಆ ಐಷಾರಾಮ ಇಲ್ಲ. ಇದು ಅನ್ಯಾಯ ಅನ್ನಿಸಬಹುದು. ಅನ್ಯಾಯವೇ. ಒಂದೇ ದೇಶದಲ್ಲಿ ಒಬ್ಬಳ ಮತಕ್ಕೆ ಒಂದು ತೂಕ, ಇನ್ನೊಬ್ಬಳ ಮತಕ್ಕೆ ಇನ್ನೊಂದು.

ಮೂರನೇ ಪಕ್ಷದ ವಿಷಯ. 'ವೇಸ್ಟ್' ಅನ್ನುವವರು ಸ್ವಲ್ಪ ಒರಟಾಗಿ ಹೇಳುತ್ತಾರೆ, ಆದರೆ ಗಣಿತ ಅವರ ಕಡೆಗಿದೆ. ಫ್ರಾನ್ಸಿನ ಮೋರಿಸ್ ದುವೆರ್ಜೆ ಅನ್ನುವ ವಿದ್ವಾಂಸರು 1950ರ ದಶಕದಲ್ಲೇ ಹೇಳಿದ್ದರು: ಒಂದು ಸೀಟು, ಒಂದೇ ಸುತ್ತು, ಹೆಚ್ಚು ಮತ ಬಂದವರು ಗೆದ್ದರು ಅನ್ನುವ ಪದ್ಧತಿ ಇದ್ದ ಕಡೆ ಆಟ ನಿಧಾನವಾಗಿ ಇಬ್ಬರದ್ದೇ ಆಗುತ್ತದೆ. ಮೂರನೆಯವರ ಬೆಂಬಲಿಗರೇ ಕೊನೆಗೆ 'ಗೆಲ್ಲಲ್ಲ ಬಿಡು' ಅಂತ ಕೈಬಿಡುತ್ತಾರೆ. ಕರ್ನಾಟಕದಲ್ಲಿ ಮೂರು ಪಕ್ಷ ಇವೆಯಲ್ಲ ಅಂತ ಕೇಳಬೇಡಿ. ನಿಮ್ಮ ಹಾಸನದಲ್ಲಿ ಬಹಳ ಕಾಲ ಆಟ ಇದ್ದಿದ್ದು ಜೆಡಿಎಸ್‌ಗೂ ಕಾಂಗ್ರೆಸ್‌ಗೂ, ಕರಾವಳಿಯಲ್ಲಿ ಬಿಜೆಪಿಗೂ ಕಾಂಗ್ರೆಸ್‌ಗೂ. ರಾಜ್ಯದ ಲೆಕ್ಕಕ್ಕೆ ಮೂರು, ಕ್ಷೇತ್ರದ ಲೆಕ್ಕಕ್ಕೆ ಎರಡೇ. ಅಮೆರಿಕದ ಅಧ್ಯಕ್ಷ ಪದವಿ ಅಂದರೆ ಇಡೀ ದೇಶಕ್ಕೇ ಒಂದೇ ಸೀಟು.

1992ರಲ್ಲಿ ರಾಸ್ ಪೆರೋ ಅನ್ನುವ ಟೆಕ್ಸಾಸ್ ಕೋಟ್ಯಧಿಪತಿ ಪಕ್ಷೇತರರಾಗಿ ನಿಂತು ಶೇ. 19ರಷ್ಟು ಮತ ತಗೊಂಡರು, ಹತ್ತಿರ ಹತ್ತಿರ ಎರಡು ಕೋಟಿ ಜನ. ಎಲೆಕ್ಟೋರಲ್ ಮತ ಎಷ್ಟು ಬಂತು? ಸೊನ್ನೆ. 2000ದಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದಿದ್ದು 537 ಮತದಿಂದ, ಅಲ್ಲೇ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಬಿದ್ದಿದ್ದು 97 ಸಾವಿರ. ನೇಡರ್‌ಗೆ ಹಾಕಿದವರಲ್ಲಿ ಹೆಚ್ಚಿನವರಿಗೆ ಬುಷ್‌ಗಿಂತ ಡೆಮಾಕ್ರಟಿಕ್ ಪಕ್ಷದ ಗೋರ್ ವಾಸಿ ಅನ್ನಿಸಿತ್ತು. ಅಷ್ಟಕ್ಕೂ ಯಾರಿಗೂ 270 ಬಾರದಂತೆ ಮೂರನೆಯವರು ತಡೆದರು ಅಂತಲೇ ಇಟ್ಟುಕೊಳ್ಳಿ. ಆಗ ತೀರ್ಮಾನ ಸಂಸತ್ತಿನ ಕೆಳಮನೆಗೆ ಹೋಗುತ್ತದೆ, ರಾಜ್ಯಕ್ಕೆ ಒಂದು ಮತ. 1824ರಲ್ಲಿ ಹಾಗೇ ಆಗಿ ಹೆಚ್ಚು ಮತ ಪಡೆದಿದ್ದ ಆಂಡ್ರೂ ಜಾಕ್ಸನ್ ಮನೆಗೆ ಹೋದರು, ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು. ಆ ಕೆಳಮನೆಯಲ್ಲಿ ಇರುವವರೂ ಅದೇ ಎರಡು ಪಕ್ಷದವರು ತಾನೇ.

ಹಾಗಂತ ಪೆರೋಗೆ ಹಾಕಿದ ಮತವೆಲ್ಲ ಮಣ್ಣುಪಾಲು ಅಂತ ನಾನು ಹೇಳುವುದಿಲ್ಲ. ಆ ಮನುಷ್ಯ ಟಿವಿಯಲ್ಲಿ ಅರ್ಧ ಗಂಟೆಯ ಸ್ಲಾಟ್ ಕೊಂಡು, ಕೈಯಲ್ಲಿ ಚಾರ್ಟ್ ಹಿಡಿದು ದೇಶದ ಸಾಲದ ಲೆಕ್ಕ ಹೇಳುತ್ತಿದ್ದರು. ಮೇಷ್ಟರ ಥರ. ಅಷ್ಟು ಜನ ಅದಕ್ಕೆ ಓಗೊಟ್ಟಿದ್ದು ನೋಡಿ ಎರಡೂ ಪಕ್ಷಗಳು ಸಾಲದ ಮಾತನ್ನು ಎತ್ತಿಕೊಂಡವು, 1998ರ ಹೊತ್ತಿಗೆ ಬಜೆಟ್‌ನಲ್ಲಿ ಹಣ ಉಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು ಬಿಡಿ. ಆದರೆ ಅಲ್ಲಿ ಸಿಟ್ಟಿಗೆ ಒಂದು ವಿಷಯ ಇತ್ತು. ನೋಡಿದವರಿಗೆ ಈ ಜನ ಯಾಕೆ ಎದ್ದು ಹೋದರು ಅಂತ ಅರ್ಥ ಆಗುತ್ತಿತ್ತು.

ಖಾಲಿ ಕಾಲಂನ ತೊಂದರೆ ಅದೇ. ಅದು ಮಾತಾಡುವುದಿಲ್ಲ. 2016ರಲ್ಲಿ ಮಿಶಿಗನ್‌ನಲ್ಲಿ ಅಂತರ ಇದ್ದಿದ್ದು 10,704 ಮತ. ಅಲ್ಲಿ ಮತಗಟ್ಟೆಗೆ ಬಂದು ಅಧ್ಯಕ್ಷರ ಕಾಲಂನಲ್ಲಿ ಮಾತ್ರ ಏನೂ ಗುರುತು ಮಾಡದೆ ಅಥವಾ ಕೆಡಿಸಿ ಹೋದವರು 70 ಸಾವಿರಕ್ಕೂ ಜಾಸ್ತಿ. ಏಳು ಪಟ್ಟು! ಅವರು ಯಾಕೆ ಬಿಟ್ಟರು? ಒಬ್ಬರಿಗೆ ಇಬ್ಬರೂ ಕಳ್ಳರು ಅನ್ನಿಸಿರಬಹುದು, ಇನ್ನೊಬ್ಬರಿಗೆ ತನ್ನ ಪಕ್ಷ ಸಾಕಷ್ಟು ಎಡಕ್ಕೆ ಹೋಗಲಿಲ್ಲ ಅಂತ, ಮತ್ತೊಬ್ಬರಿಗೆ ಸಾಕಷ್ಟು ಬಲಕ್ಕೆ ಹೋಗಲಿಲ್ಲ ಅಂತ, ಇನ್ಯಾರಿಗೋ ಪೆನ್ನೇ ಬರೆಯದೆ ಹೋಗಿರಬಹುದು. ಎಲ್ಲ ಖಾಲಿಯೂ ಒಂದೇ ಥರ ಕಾಣುತ್ತದೆ. ಅದನ್ನು ನೋಡಿ ಯಾವ ಪಕ್ಷವೂ ಪಾಠ ಕಲಿತಿದ್ದನ್ನು ನಾನು ಕಂಡಿಲ್ಲ.

ನೋಟಾ ಇದ್ದಿದ್ದರೆ ಅಂತೀರಿ. ನೆವಾಡಾ ರಾಜ್ಯದಲ್ಲಿ ಇದೆ, 1976ರಿಂದ! ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ನೋಟಾ ತರಿಸುವುದಕ್ಕೆ ಎಷ್ಟೋ ವರ್ಷ ಮುಂಚೆ. 'ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ' ಅಂತ ಬ್ಯಾಲೆಟ್‌ನಲ್ಲೇ ಅಚ್ಚಾಗಿರುತ್ತದೆ. 2016ರಲ್ಲಿ ಅಲ್ಲಿ ಕ್ಲಿಂಟನ್ ಗೆದ್ದ ಅಂತರಕ್ಕಿಂತ 'ಯಾರೂ ಅಲ್ಲ' ಅನ್ನುವುದಕ್ಕೆ ಬಿದ್ದ ಮತವೇ ಜಾಸ್ತಿ ಇತ್ತು. 2024ರ ಫೆಬ್ರವರಿಯಲ್ಲಿ ಅಲ್ಲಿನ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಹೆಸರೇ ಇರಲಿಲ್ಲ, ಅವರು ಪಕ್ಷ ಬೇರೆಯಾಗಿ ನಡೆಸಿದ ಕಾಕಸ್‌ಗೆ, ಅಂದರೆ ಪಕ್ಷದವರು ಸಭೆ ಸೇರಿ ಆರಿಸುವ ಕಡೆಗೆ, ಹೋಗಿದ್ದರು. ಇತ್ತ ಪ್ರೈಮರಿಯಲ್ಲಿ ಟ್ರಂಪ್ ಎದುರು ಟಿಕೆಟ್ ಕೇಳುತ್ತಿದ್ದ ನಿಕ್ಕಿ ಹೇಲಿ 'ಯಾರೂ ಅಲ್ಲ' ಎದುರು ಎರಡು ಪಟ್ಟು ಅಂತರದಲ್ಲಿ ಸೋತರು. ಪಾಪ. ಮನುಷ್ಯರ ಎದುರು ಸೋಲೋದು ಬೇರೆ, ಒಂದು ಖಾಲಿ ಮಾತಿನ ಎದುರು ಸೋಲೋದು ಬೇರೆ. ಆದರೆ ಅದು ಟ್ರಂಪ್ ಬೆಂಬಲಿಗರು ಬೇಕೆಂತಲೇ ಮಾಡಿದ್ದು, ಇಬ್ಬರೂ ಬೇಡ ಅನ್ನುವ ಬೇಸರ ಅಲ್ಲ.

ಮತ್ತೆ ಅಲ್ಲೂ ಇಲ್ಲೂ ನಿಯಮ ಒಂದೇ. ನೋಟಾಗೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಮುಂದಿದ್ದವರೇ ಗೆದ್ದರು. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೇ ಗಳಿಗೆಯಲ್ಲಿ ನಾಮಪತ್ರ ವಾಪಸ್ ತಗೊಂಡಾಗ ನೋಟಾಗೆ 2 ಲಕ್ಷ 18 ಸಾವಿರ ಮತ ಬಿತ್ತು, ದೇಶದಲ್ಲೇ ದಾಖಲೆ. ಬಿಜೆಪಿಯವರು 12 ಲಕ್ಷದ ಮೇಲೆ ಮತ ತಗೊಂಡು ಆರಾಮಾಗಿ ಗೆದ್ದರು. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ನನ್ನ ಮಟ್ಟಿಗೆ ನೋಟಾ ಅದು. ನನ್ನ ಜೊತೆ ಪಾಠ ಮಾಡುತ್ತಿದ್ದ ಕೆಲವರು ಈ ಮಾತಿಗೆ ಇವತ್ತಿಗೂ ಜಗಳ ಆಡುತ್ತಾರೆ. ಆಡಲಿ.

ಬೇರೆ ದೇಶದವರು ಬುದ್ಧಿವಂತರು, ಅವರಿಗೆ ಈ ಗೋಳಿಲ್ಲ ಅಂದುಕೊಂಡಿದ್ದರೆ ಅದೂ ಇಲ್ಲ. ಫ್ರಾನ್ಸ್‌ನಲ್ಲಿ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದವರಿಗೆ ಹಾಕಿ, ಎರಡನೇ ಸುತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ. ಚೆನ್ನಾಗಿದೆ ಅಲ್ವಾ? 2002ರಲ್ಲಿ ಎಡಪಂಥೀಯರು ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದಂತೆ ಹಂಚಿಹೋಗಿ, ಪ್ರಧಾನಿಯಾಗಿದ್ದ ಲಿಯೊನೆಲ್ ಜೋಸ್ಪಾನ್ ಎರಡು ಲಕ್ಷಕ್ಕೂ ಕಡಿಮೆ ಮತಗಳಲ್ಲಿ ಮೂರನೇ ಜಾಗಕ್ಕೆ ಬಿದ್ದರು. ಕೊನೇ ಸುತ್ತಿಗೆ ಉಳಿದವರು ಭ್ರಷ್ಟಾಚಾರದ ಆರೋಪ ಹೊತ್ತಿದ್ದ ಜಾಕ್ ಶಿರಾಕ್ ಮತ್ತು ತೀವ್ರ ಬಲಪಂಥದ ಲೆ ಪೆನ್. ಎಡಪಂಥೀಯರು ಮುಖ ತಿರುಗಿಸಿಕೊಂಡು ಶಿರಾಕ್‌ಗೆ ಹಾಕಿ ಶೇ. 82ರಲ್ಲಿ ಗೆಲ್ಲಿಸಿದರು. ಪೆರು ದೇಶದ ಕಥೆ ಇನ್ನೂ ಕಷ್ಟ. 2021ರಲ್ಲಿ ಮೊದಲ ಸುತ್ತಿನಲ್ಲಿ ಶೇ. 19 ಬಂದ ಪೆಡ್ರೊ ಕಾಸ್ತಿಯೊ, ಶೇ. 13 ಬಂದ ಕೈಕೊ ಫುಜಿಮೊರಿ ಎದುರುಬದುರು. ಮೂರರಲ್ಲಿ ಎರಡು ಪಾಲು ಜನಕ್ಕೆ ಇಬ್ಬರೂ ಮೊದಲ ಆಯ್ಕೆ ಅಲ್ಲ, ಆದರೆ ಅಲ್ಲಿ ಮತ ಕಡ್ಡಾಯ, ಹಾಕದಿದ್ದರೆ ದಂಡ. ಕಾಸ್ತಿಯೊ ಗೆದ್ದ ಅಂತರ 44 ಸಾವಿರ.

ಅಮೆರಿಕದಲ್ಲೇ ನನಗೆ ತುಂಬಾ ಇಷ್ಟದ ಕಥೆ 1991ರ ಲೂಯಿಸಿಯಾನ. ಅಧ್ಯಕ್ಷ ಪದವಿ ಅಲ್ಲ, ಗವರ್ನರ್. ಒಂದು ಕಡೆ ಎಡ್ವಿನ್ ಎಡ್ವರ್ಡ್ಸ್. ಮೂರು ಸಲ ಗವರ್ನರ್ ಆಗಿದ್ದವರು, ಜೂಜು, ಶೋಕಿ, ಭ್ರಷ್ಟಾಚಾರದ ಕೇಸು ಎಲ್ಲಕ್ಕೂ ಹೆಸರುವಾಸಿ. ಇನ್ನೊಂದು ಕಡೆ ಡೇವಿಡ್ ಡ್ಯೂಕ್, ಕರಿಯರ ಮೇಲೆ ದೌರ್ಜನ್ಯ ಮಾಡಿದ ಕು ಕ್ಲಕ್ಸ್ ಕ್ಲಾನ್‌ನ ಹಳೇ ಮುಖಂಡ. ಇತ್ತ ದರಿ ಅತ್ತ ಪುಲಿ ಅಂದರೆ ಇದೇ. ಆಗ ಅಲ್ಲಿ ಕಾರುಗಳ ಮೇಲೆ ಒಂದು ಸ್ಟಿಕ್ಕರ್ ಬಂತು: 'ಕಳ್ಳನಿಗೇ ಮತ ಹಾಕಿ. ಇದು ಮುಖ್ಯ.' ಯಾರೂ ಎಡ್ವರ್ಡ್ಸ್ ಸಾಚಾ ಅಂತ ನಾಟಕ ಆಡಲಿಲ್ಲ. ಜನ ಸಾಲುಗಟ್ಟಿ ಬಂದು ಶೇ. 61 ಮತ ಕೊಟ್ಟು ಗೆಲ್ಲಿಸಿದರು. ಮುಂದೆ 2000ದಲ್ಲಿ ಎಡ್ವರ್ಡ್ಸ್ ಮೇಲಿನ ಭ್ರಷ್ಟಾಚಾರ ಸಾಬೀತಾಗಿ ಜೈಲಿಗೂ ಹೋದರು! ಅವರಿಗೆ ಮತ ಹಾಕಿದವರು ಮೋಸ ಹೋದರಾ? ನನಗಂತೂ ಹಾಗನ್ನಿಸಲ್ಲ. ಕಳ್ಳ ಅಂತ ಗೊತ್ತಿದ್ದೇ ಹಾಕಿದ್ದು. ಅವರು ತಡೆಯಬೇಕು ಅಂದುಕೊಂಡಿದ್ದು ಡ್ಯೂಕ್‌ನನ್ನು, ತಡೆದರು. ಕಳ್ಳನನ್ನು ಕೋರ್ಟು ನೋಡಿಕೊಂಡಿತು.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ನಿಮ್ಮ ಪತ್ರದಲ್ಲಿ ಒಂಥರಾ ತಪ್ಪಿತಸ್ಥ ಭಾವ ಕಾಣುತ್ತದೆ. 'ಅವರು ಬರದಿದ್ದರೆ ಸಾಕು' ಅಂತ ಹಾಕಿದ ಮತ ಕಡಿಮೆ ದರ್ಜೆಯ ಮತ ಅಂತ ನೀವು ಅಂದುಕೊಂಡಿದ್ದೀರಿ. ಹಾಗೇನಿಲ್ಲ. ಮತ ಅಂದರೆ ಮದುವೆ ಅಲ್ಲ, ಒಪ್ಪಿ ಬಾಳಬೇಕು ಅಂತಿಲ್ಲ. ಬಸ್ ಹತ್ತಿದ ಹಾಗೆ. ಮನೆ ಬಾಗಿಲಿಗೆ ಹೋಗುವ ಬಸ್ ಇಲ್ಲ, ಇರುವುದರಲ್ಲಿ ಹತ್ತಿರಕ್ಕೆ ಹೋಗುವುದನ್ನು ಹತ್ತುತ್ತೀರಿ, ಇಳಿದು ನಡೆಯುತ್ತೀರಿ, ಬೈಕೊಳ್ಳುತ್ತೀರಿ.

ನಿಮ್ಮ ಮನಸ್ಸಿನಲ್ಲಿ ಬಂದಿರಬಹುದಾದ ಒಂದು ಒಳ್ಳೆಯ ತಕರಾರು ಇದೆ: ಪ್ರತಿ ಸಲ ಮೂಗು ಮುಚ್ಚಿಕೊಂಡು ಹಾಕುತ್ತಾ ಹೋದರೆ ಪಕ್ಷಗಳು ಇಂಥವರನ್ನೇ ತರುತ್ತಾ ಇರುತ್ತವಲ್ಲ? ನಿಜ. ಇದಕ್ಕೆ ಉತ್ತರ ನವೆಂಬರ್‌ನಲ್ಲಿ ಇಲ್ಲ, ನಿಮ್ಮ ಏಪ್ರಿಲ್‌ನ ಪ್ರೈಮರಿಯಲ್ಲಿದೆ. 2024ರ ಫೆಬ್ರವರಿ 27ರಂದು ಮಿಶಿಗನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗಾಜಾ ಯುದ್ಧದ ಬಗ್ಗೆ ಬೈಡನ್ ನಿಲುವು ಒಪ್ಪದವರು 'ಯಾರಿಗೂ ಬದ್ಧರಲ್ಲ' ಅನ್ನುವ ಕಾಲಂಗೆ ಹಾಕಿದರು. ಒಂದು ಲಕ್ಷಕ್ಕೂ ಜಾಸ್ತಿ ಮತ, ಶೇ. 13. ಇಬ್ಬರು ಪ್ರತಿನಿಧಿಗಳನ್ನೂ ಪಡೆದರು. ಯಾಕೆ ಹಾಕಿದರು ಅಂತ ಮರುದಿನ ಪ್ರತಿ ಪತ್ರಿಕೆಯಲ್ಲೂ ಇತ್ತು. ಬೈಡನ್ ನೀತಿ ಪೂರ್ತಿ ಬದಲಾಯಿತು ಅಂತಲ್ಲ, ಆದರೆ ಮಾತು ಕೇಳಿಸಿತು. ನಿಮ್ಮ ಪೆನ್ಸಿಲ್ವೇನಿಯಾದಲ್ಲೇ ನೋಡಿ. ಏಪ್ರಿಲ್ 23ರ ರಿಪಬ್ಲಿಕನ್ ಪ್ರೈಮರಿ ಹೊತ್ತಿಗೆ ನಿಕ್ಕಿ ಹೇಲಿ ಕಣ ಬಿಟ್ಟು ಆರು ವಾರದ ಮೇಲಾಗಿತ್ತು. ಆದರೂ ಅವರ ಹೆಸರಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಮತ ಬಿತ್ತು, ಶೇ. 16ರ ಮೇಲೆ. ಅದೂ ಪಕ್ಷದಲ್ಲಿ ನೋಂದಾಯಿಸಿದವರಿಂದಲೇ. ಎರಡೂ ಪಕ್ಷದವರು ಆಮೇಲೆ ಆ ಒಂದೂವರೆ ಲಕ್ಷದ ಹಿಂದೆ ಬಿದ್ದರು. ಖಾಲಿ ಕಾಲಂನ ಹಿಂದೆ ಯಾರೂ ಬೀಳಲ್ಲ.

ಪದ್ಧತಿಯೇ ಬದಲಾಗಬೇಕು ಅನ್ನುವವರಿಗೆ ನನಗೆ ಹಿಡಿಸಿದ್ದು ಕ್ರಮಾಂಕದ ಮತ. ಮಾವಿನಹಣ್ಣಿನ ಅಂಗಡಿಯಲ್ಲಿ ಹೇಳೋ ಥರ: ಬಾದಾಮಿ ಕೊಡಿ, ಇಲ್ಲದಿದ್ದರೆ ರಸಪುರಿ, ಅದೂ ಇಲ್ಲದಿದ್ದರೆ ತೋತಾಪುರಿ. ನಿಮ್ಮ ಮೊದಲ ಆಯ್ಕೆ ಕೊನೇ ಸ್ಥಾನದಲ್ಲಿದ್ದು ಹೊರಬಿದ್ದರೆ ನಿಮ್ಮ ಮತ ಎರಡನೆಯವರಿಗೆ ಹೋಗುತ್ತದೆ. ಮೇನ್ ರಾಜ್ಯದಲ್ಲಿ 2020ರಿಂದ ಅಧ್ಯಕ್ಷರ ಚುನಾವಣೆಗೂ ಇದೆ, ಅಲಾಸ್ಕಾದಲ್ಲೂ ಇದೆ. ಆದರೆ 2024ರಲ್ಲಿ ಕೊಲೊರಾಡೊ, ಐಡಹೊ, ಒರೆಗಾನ್, ನೆವಾಡಾ ಎಲ್ಲ ಕಡೆ ಜನರೇ ಇದನ್ನು ಬೇಡ ಅಂದರು. ಅಲಾಸ್ಕಾದಲ್ಲಿ ಇದನ್ನು ತೆಗೆದುಹಾಕುವ ಪ್ರಯತ್ನ 750ಕ್ಕೂ ಕಡಿಮೆ ಮತಗಳಲ್ಲಿ ತಪ್ಪಿತು. ಹಾಗಾಗಿ 2028ಕ್ಕೆ ನಿಮ್ಮ ಮನೆಗೆ ಇದು ಬರುತ್ತದೆ ಅಂತ ಕಾಯಬೇಡಿ.

ಈಗ ಖಾಲಿ ಬಿಡೋದು ತಪ್ಪಾ ಅಂತ ಕೇಳಿದಿರಿ. ಪಾಪ ಅಲ್ಲ, ಹಕ್ಕು. ಎರಡೂ ಕಡೆ ನಿಮ್ಮ ಮನಸ್ಸಾಕ್ಷಿ ಒಪ್ಪದಂಥದ್ದು ಇದ್ದರೆ ಬಿಡಿ, ನಾನು ಬೈಯಲ್ಲ. ಆದರೆ ಆ ಒಂದು ಕಾಲಂ ಮಾತ್ರ ಬಿಡಿ, ಉಳಿದಿದ್ದನ್ನು ತುಂಬಿ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 2024ರಲ್ಲಿ ಸೆನೆಟ್‌ನಲ್ಲಿ, ಅಂದರೆ ಸಂಸತ್ತಿನ ಮೇಲ್ಮನೆಯಲ್ಲಿ, ನಿಮ್ಮ ರಾಜ್ಯದ ಸೀಟು ಕೈ ಬದಲಾಗಿದ್ದು ಸುಮಾರು 15 ಸಾವಿರ ಮತದಲ್ಲಿ. 2022ರಲ್ಲಿ ನಿಮ್ಮ ಪಕ್ಕದ ಮಾಂಟ್‌ಗೊಮರಿ ಕೌಂಟಿಯ ಒಂದು ಕ್ಷೇತ್ರದಲ್ಲಿ ಗೆಲುವಿನ ಅಂತರ ಬರೀ 63 ಮತ. ಆ ಒಂದು ಸೀಟಿನಿಂದ ರಾಜ್ಯದ ಕೆಳಮನೆಯೇ 102 ವಿರುದ್ಧ 101 ಅಂತ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಯಿತು. ಒಂದು ಕನ್ನಡ ಕೂಟದ ಯುಗಾದಿ ಊಟಕ್ಕೆ ಅದಕ್ಕಿಂತ ಜಾಸ್ತಿ ಜನ ಬರುತ್ತಾರೆ! ನಿಮ್ಮ ಮಕ್ಕಳ ಶಾಲೆಗೆ ರಾಜ್ಯದ ದುಡ್ಡು ಎಷ್ಟು ಬರಬೇಕು ಅಂತ ಮಾತಾಡುವವರು ಅಲ್ಲಿದ್ದಾರೆ, ಶ್ವೇತಭವನದಲ್ಲಿ ಅಲ್ಲ. ಅಲ್ಲಿ ಒಳ್ಳೆಯ ಅಭ್ಯರ್ಥಿಗಳೂ ಸಿಗುತ್ತಾರೆ, ಬೇಕಾದರೆ ನೇರವಾಗಿ ಮಾತಾಡಿಸಿ ನೋಡಿ.

ಇನ್ನು ನಿಮ್ಮ ಮನೆಯವರ ರಾಜ್‌ಕುಮಾರ್ ಮತ. ಓದಿ ಜೋರಾಗಿ ನಕ್ಕೆ. ಕೌಂಟಿ ಕಚೇರಿಯಲ್ಲಿ ಕೈಬರಹದ ಹೆಸರುಗಳನ್ನು ಪಟ್ಟಿ ಮಾಡಿದ ಆ ಗುಮಾಸ್ತರು ಇದು ಯಾರಪ್ಪ ಅಂತ ತಲೆ ಕೆರೆದುಕೊಂಡಿರಬೇಕು. ಆದರೆ ಅಭ್ಯರ್ಥಿ ಸರಿಯಿಲ್ಲ. ಅಮೆರಿಕದ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಅಮೆರಿಕದ ಪೌರರಾಗಿರಬೇಕು, ಅಣ್ಣಾವ್ರು ಹುಟ್ಟಿದ್ದು ಗಾಜನೂರಿನಲ್ಲಿ. ಅಲ್ಲದೆ ಬದುಕಿದ್ದಾಗ ಎಷ್ಟು ಜನ ಎಷ್ಟು ಕರೆದರೂ ರಾಜಕೀಯಕ್ಕೆ ಬರಲ್ಲ ಅಂದವರು ಅವರು.

ಅವರ ಕೈಯಿಂದ ಆ ಪೆನ್ನು ತಗೊಂಡು ಇನ್ನೊಂದು ಕೆಲಸ ಮಾಡಿಸಿ. ಪೆನ್ಸಿಲ್ವೇನಿಯಾದಲ್ಲಿ ಪಕ್ಷದ ಖಾನೆ ಬದಲಿಸೋದು ಆನ್‌ಲೈನ್‌ನಲ್ಲೇ ಆಗುತ್ತದೆ, ಐದು ಹತ್ತು ನಿಮಿಷದ ಕೆಲಸ. ಪ್ರೈಮರಿಗೆ 15 ದಿನ ಮುಂಚೆ ಮುಗಿಸಿರಬೇಕು ಅಷ್ಟೇ. ಖಾನೆಯಲ್ಲಿ ಹೆಸರು ಬಂತು ಅಂತ ನೀವು ಆ ಪಕ್ಷದ ಕಾರ್ಯಕರ್ತರಾಗಿ ಬಿಡುವುದಿಲ್ಲ, ದುಡ್ಡು ಕೊಡಬೇಕಾಗಿಲ್ಲ, ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಹಾಕಬಹುದು. ಫೋನು ಬರುವುದು ಸ್ವಲ್ಪ ಜಾಸ್ತಿ ಆಗುತ್ತದೆ, ಅದೊಂದು ಕಾಟ. ಯಾವ ಪಕ್ಷ ಅಂತ ನಾನು ಹೇಳುವುದಿಲ್ಲ. ಎರಡರಲ್ಲಿ ಯಾವುದರ ಅಡುಗೆ ಮನೆಯಲ್ಲಿ ನಿಮ್ಮ ಮಾತು ಜಾಸ್ತಿ ನಡೆಯಬಹುದು ಅನ್ನಿಸುತ್ತದೋ ಅದು. ಇಬ್ಬರಿಗೂ ಒಮ್ಮತ ಬರದಿದ್ದರೆ ನೀವು ಒಂದಕ್ಕೆ, ಅವರು ಇನ್ನೊಂದಕ್ಕೆ. ನನ್ನ ಮಗಳು ಅಳಿಯ ಹಾಗೇ ಮಾಡಿದ್ದಾರೆ, ಪ್ರೈಮರಿ ಬಂದರೆ ಮನೆಯಲ್ಲಿ ಒಳ್ಳೇ ಜಗಳ.